‘ಸುದ್ದಿ ನಿಮಗೆ ಮೊದಲೇ ಗೊತ್ತಿತ್ತಂತಲ್ಲ?’

ನಾನು ಟೆಲಿಫೋನ್ ಆಪರೇಟರ್ ಆಗಿದ್ದೆನೆಂದು ತಿಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಇಂದಿರಾ ಗಾಂಧಿ ತೀರಿಕೊಂಡ ದಿನ ನೀವು ಡ್ಯೂಟಿಯಲ್ಲಿದ್ದಿರಂತೆ, ಸುದ್ದಿ ನಿಮಗೆ ಮೊದಲೇ ಗೊತ್ತಿತ್ತಂತಲ್ಲ?’ ಮದುವೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಮಣ್ಣಿಗೆ ಹೋದಲ್ಲಿಯೂ ಕೇಳಿದ್ದಾರೆ. ಬಾಯಿಂದ ಹೇಳಿ ಹೇಳಿ ಸಾಕಾಗಿರುವುದರಿಂದ ಒಮ್ಮೆ ಬರೆದಿಡುತ್ತೇನೆ. ಇನ್ನು ಮುಂದೆ ಯಾರೂ ಕೇಳಬಾರದು.

ಹೌದು, ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ‘ಕದ್ದು ಕೇಳಿದಿರಾ?’ ಎಂದು ನಗುತ್ತಾ ಕೇಳುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ತಂತಿಯ ಮೇಲೆ ಹೋಗುವ ಮಾತನ್ನು ಹೊರಗೆ ಆಡುವುದು 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ನಮಗೆ ಅಪರಾಧವಾಗಿತ್ತು. ಅದನ್ನು ನಾವು ದೇವರ ಮುಂದಿನ ಆಣೆಯಂತೆ ಪಾಲಿಸುತ್ತಿದ್ದೆವು.

ಈಗ ಕೊಪ್ಪಳ ಜಿಲ್ಲೆಯಲ್ಲಿರುವ, ಆಗಿನ್ನೂ ರಾಯಚೂರಿಗೆ ಸೇರಿದ್ದ ಅಕ್ಕಿ ಗಿರಣಿಗಳ ಒಂದು ಊರು ಅದು. 1984ರ ಅಕ್ಟೋಬರ್ 31, ಬುಧವಾರ. ದಿಲ್ಲಿಯಲ್ಲಿ ಪ್ರಧಾನಿಗೆ ಅವರ ಮನೆಯ ಆವರಣದಲ್ಲೇ, ಅವರ ಸಿಖ್ ಅಂಗರಕ್ಷಕರೇ ಗುಂಡು ಹೊಡೆದರೆಂಬ ಸುದ್ದಿ ಊರಿಗೆಲ್ಲ ಮಧ್ಯಾಹ್ನದ ಹೊತ್ತಿಗೆ ಮುಟ್ಟಿತ್ತು. ಅವರು ಉಳಿಯಲಿಲ್ಲ ಎಂಬುದನ್ನು ಮಾತ್ರ ಆಕಾಶವಾಣಿ ಸಂಜೆಯವರೆಗೆ ಹೇಳಲಿಲ್ಲ. ಬೆಂಗಳೂರಿನ ಎಕ್ಸ್‌ಚೇಂಜಿನ ಬೋರ್ಡಿನಲ್ಲಿದ್ದ ಹುಡುಗಿ ನನಗೆ ಮೂರು ಗಂಟೆಯ ಸುಮಾರಿಗೆ, ಕಾಲ್ ಹಚ್ಚುವ ನಡುವೆ, ‘ಹೋಗಿಬಿಟ್ರಂತೆ ಅಕ್ಕ’ ಎಂದಷ್ಟೇ ಹೇಳಿ ಲೈನ್ ಬಿಟ್ಟಳು. ಹೊರಗೆ ಕಿಟಕಿಯ ಬಳಿ, ಹೊಲದಿಂದ ಹಾಗೆಯೇ ಬಂದಿದ್ದ ಮುದುಕಿಯೊಬ್ಬಳು ‘ಯವ್ವಾ, ನಮ್ಮ ಇಂದಿರವ್ವ ಹೆಂಗದಾಳ?’ ಎಂದು ಕೇಳುತ್ತಿದ್ದಳು. ‘ನನಗೆ ಗೊತ್ತಿಲ್ಲ ಯವ್ವಾ’ ಎಂದೆ. ಸಂಜೆ ರೇಡಿಯೋ ಹೇಳಿದ ಮೇಲೆ ಆಕೆ ಚಹಾದ ಅಂಗಡಿಯ ಮುಂದೆ ನೆಲದ ಮೇಲೆ ಕುಳಿತು, ತವರಿನವರು ಸತ್ತರೆ ಅಳುವಂತೆ ಹಾಡಿಕೊಂಡು ಅತ್ತಳು. ಅಂಗಡಿಗಳು ತಾವಾಗಿಯೇ ಮುಚ್ಚಿದವು. ‘ಜನ ಹೇಗಿದ್ದರು’ ಎಂಬುದಕ್ಕೆ ಉತ್ತರ ಇಷ್ಟೇ, ಮತ್ತು ಎಲ್ಲರಿಗೂ ಇಷ್ಟೇ ಬೇಕಾಗಿರುತ್ತದೆ.

ಯಾರೂ ಮರುದಿನದ ಬಗ್ಗೆ ಕೇಳುವುದಿಲ್ಲ.

ಗಿರಣಿಯೊಂದರ ಅಂಗಳದಲ್ಲಿ ಅಕ್ಕಿ ತುಂಬಿಸಿಕೊಳ್ಳಲು ಬಂದಿದ್ದ ಲಾರಿಯ ಚಾಲಕ, ಒಬ್ಬ ಸರದಾರ್ಜಿ, ಗುರುವಾರ ಬೆಳಿಗ್ಗೆ ದಿಲ್ಲಿಗೆ ಕಾಲ್ ಬುಕ್ ಮಾಡಿದ. ಅಲ್ಲಿದ್ದ ಅವನ ಅಕ್ಕನ ಮನೆಯಲ್ಲಿ ಫೋನ್ ಇರಲಿಲ್ಲ. ಅವರ ಓಣಿಯ ಮೂಲೆಯ ಅಂಗಡಿಯ ನಂಬರ್ ಕೊಟ್ಟು ಅಕ್ಕನ ಹೆಸರಿಗೆ ಪಿ.ಪಿ., ಅಂದರೆ ಆಕೆಯನ್ನೇ ಕರೆಸಿ ಮಾತಾಡಿಸುವ ಕಾಲ್, ಬರೆಸಿದ. ಆಗ ಲೈಟ್ನಿಂಗ್ ಕಾಲ್ ಮೊದಲು, ಆಮೇಲೆ ಅರ್ಜೆಂಟ್, ಆಮೇಲೆ ಆರ್ಡಿನರಿ. ಲೈಟ್ನಿಂಗಿಗೆ ಆರ್ಡಿನರಿಯ ಎಂಟು ಪಟ್ಟು ದರ. ಅವನದು ಆರ್ಡಿನರಿ, ಮಧ್ಯಾಹ್ನ ಕ್ಲೀನರ್ ಹುಡುಗನ ಹತ್ತಿರ ದುಡ್ಡು ಇಸಿದುಕೊಂಡು ಬಂದು ಅರ್ಜೆಂಟ್ ಮಾಡಿಸಿದ. ದಿಲ್ಲಿಯ ಲೈನ್ ಸಿಗುವುದೇ ದುರ್ಲಭವಾಗಿತ್ತು, ಸಿಕ್ಕದ್ದೆಲ್ಲ ಲೈಟ್ನಿಂಗಿಗೆ ಹೋಗುತ್ತಿತ್ತು. ಅವನು ಹೊರಗಿನ ಕಲ್ಲುಬೆಂಚಿನ ಮೇಲೆ, ಪೇಟದ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. ಊರಿನವರು ಅವನಿಗೆ ಕೆಟ್ಟ ಮಾತು ಆಡಲಿಲ್ಲ, ಅದನ್ನು ನಾನು ಹೇಳಲೇಬೇಕು. ಹೋಟೆಲಿನವರು ಚಹಾ ಕೊಟ್ಟರು. ಆದರೆ ಮುಂದಿನ ಬೆಂಚಿನಲ್ಲಿ ಬೇಡ, ಒಳಗೆ ಬಂದು ಕುಡಿ ಎಂದರು. ಅದು ಕಾಳಜಿಯೋ ಭಯವೋ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ನಮ್ಮ ಮೇಲಿನವರು, ‘ಅವರಿಗೇನು ಅವಸರ, ಸಾಲಿನಲ್ಲಿ ಬರಲಿ’ ಎಂದರು.

ಸಾಲು ಎಂಬುದು ನಿಯಮ, ನಿಜ. ಆದರೆ ನಿಯಮದ ಪಕ್ಕದಲ್ಲಿ ನಮ್ಮದೇ ಒಂದು ದಾರಿಯಿತ್ತು. ಹೆರಿಗೆ, ಸಾವು ಎಂದರೆ ಬೆಂಗಳೂರಿನ ಹುಡುಗಿಗೆ ‘ಇದೊಂದು ಹಚ್ಚಿಕೊಡವ್ವ’ ಎನ್ನುತ್ತಿದ್ದೆವು, ಆಕೆ ಹಚ್ಚುತ್ತಿದ್ದಳು. ಆ ಗುರುವಾರವೂ ನಾನು ಒಮ್ಮೆ ಹಾಗೆ ಕೇಳಿಕೊಂಡೆ. ಯಾರಿಗಾಗಿ? ತನ್ನ ಅಕ್ಕಿಯ ವ್ಯಾಗನ್ ಎಲ್ಲಿ ನಿಂತಿದೆಯೆಂದು ತಿಳಿಯಬೇಕಾಗಿದ್ದ, ಮನೆಯವರಿಗೆಲ್ಲ ಪರಿಚಯವಿದ್ದ ಒಬ್ಬ ಸಾವುಕಾರರಿಗಾಗಿ. ಎರಡನೆಯ ಸಲ ಕೇಳಲು ಸಂಕೋಚವಾಯಿತು. ‘ಸುದ್ದಿ ಮೊದಲೇ ಗೊತ್ತಿತ್ತಾ’ ಎಂದು ಕೇಳುವವರು, ‘ಅವತ್ತು ಯಾರ ಕಾಲ್ ಹಚ್ಚಿದಿರಿ, ಯಾರದು ಬಿಟ್ಟಿರಿ’ ಎಂದು ಕೇಳಿದ್ದರೆ ನಾನು ಇಷ್ಟು ವರ್ಷ ತಡೆಯದೆ ಉತ್ತರಿಸುತ್ತಿದ್ದೆ.

ಆ ಗುರುವಾರ, ಶುಕ್ರವಾರಗಳಲ್ಲಿ ದಿಲ್ಲಿಯಲ್ಲಿ ಏನು ನಡೆಯುತ್ತಿತ್ತೆಂಬುದು ನಮಗೆ ಚೂರುಚೂರಾಗಿ ತಿಳಿಯುತ್ತಿತ್ತು. ಸಿಖ್ಖರ ಹತ್ಯಾಕಾಂಡ ನಡೆದ ದಿಲ್ಲಿಯ ತ್ರಿಲೋಕಪುರಿ ಬಡಾವಣೆಯ ಹೆಸರನ್ನು ಆಮೇಲೆ ಪತ್ರಿಕೆಯಲ್ಲಿ ಓದಿದೆ. ದಿಲ್ಲಿಯೊಂದರಲ್ಲೇ ಸತ್ತ ಸಿಖ್ಖರ ಸಂಖ್ಯೆ 2,733 ಎಂದು ಮುಂದೆ ಸರ್ಕಾರದ ಲೆಕ್ಕವೇ ಹೇಳಿತು.

ಶನಿವಾರ, ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರ ಅಂತ್ಯಸಂಸ್ಕಾರದ ದಿನ, ಅವನ ಕಾಲ್ ಸಿಕ್ಕಿತು. ಗಂಟೆ ಬಾರಿಸುತ್ತಲೇ ಇತ್ತು. ನಾನು ಇರಬೇಕಾದದ್ದಕ್ಕಿಂತ ಬಹಳ ಹೊತ್ತು ಲೈನ್ ಹಿಡಿದುಕೊಂಡೆ. ಯಾರೂ ಎತ್ತಲಿಲ್ಲ. ಟಿಕೆಟಿನ ಮೇಲೆ ‘ನೋ ರಿಪ್ಲೈ’ ಎಂದು ಬರೆದು, ಕಿಟಕಿಯಲ್ಲಿ ಅವನಿಗೆ ದುಡ್ಡು ವಾಪಸು ಎಣಿಸಿಕೊಟ್ಟೆ. ಅವನು ದುಡ್ಡನ್ನು ನೋಡಲಿಲ್ಲ. ‘ಗಂಟೆ ಬಾರಿಸಿತಲ್ಲವೇ, ಬೆಹನ್‌ಜಿ?’ ಎಂದು ಹಿಂದಿಯಲ್ಲಿ ಕೇಳಿದ. ಬಾರಿಸಿತು ಎಂದೆ. ‘ಹಾಗಾದರೆ ಅಂಗಡಿ ಇದೆ. ಅಂಗಡಿ ಇದ್ದರೆ ಓಣಿಯೂ ಇದೆ’ ಎಂದು ಕೈಮುಗಿದು ಲಾರಿಯ ಕಡೆಗೆ ನಡೆದ.

ಆ ಗಂಟೆಯ ಸದ್ದು ಎಕ್ಸ್‌ಚೇಂಜಿನಿಂದ ಬರುತ್ತದೆ. ಆ ತುದಿಯಲ್ಲಿ ಫೋನ್ ಸುಟ್ಟುಹೋಗಿದ್ದರೂ ಈ ತುದಿಗೆ ಕೇಳಿಸಬಹುದು. ಅದು ನನಗೆ ಗೊತ್ತಿತ್ತು. ಅವನಿಗೆ ಹೇಳಲಿಲ್ಲ.