ಚಿರ್ಪ್ ಬಗ್ಗಿಸುವ ಕೆಲಸ

ರೇಡಾರ್ ಚಿರ್ಪ್, ಅಂದರೆ ಆವರ್ತನ ಏರುತ್ತಾ ಹೋಗುವ ಪಲ್ಸ್, ನನಗೆ ತುಂಬಾ ಇಷ್ಟ. ಪಲ್ಸ್ ಎಷ್ಟೇ ಉದ್ದವಿರಲಿ, ಆವರ್ತನದ ಬ್ಯಾಂಡಿಗೆ 150 ಮೆಗಾಹರ್ಟ್ಸ್ ಅಗಲ ಕೊಟ್ಟರೆ ಒಂದಕ್ಕೊಂದು ಸುಮಾರು 1 ಮೀಟರ್ ದೂರದ ಎರಡು ಗುರಿಗಳು ಬೇರೆಯಾಗಿ ಕಾಣುತ್ತವೆ.

ಆದರೆ ಆವರ್ತನ ಒಂದೇ ವೇಗದಲ್ಲಿ ಏರಿದರೆ ಸೈಡ್‌ಲೋಬ್ (ಗುರಿಯ ಮುಖ್ಯ ಶಿಖರದ ಅಕ್ಕಪಕ್ಕ ಏಳುವ ಸುಳ್ಳು ಶಿಖರ) ಮುಖ್ಯ ಶಿಖರಕ್ಕಿಂತ ಬರೀ 13 ಡಿಬಿ ಕೆಳಗಿರುತ್ತದೆ. ದೊಡ್ಡ ಹಡಗಿನ ಪಕ್ಕದ ಸಣ್ಣ ದೋಣಿ ಅದರಲ್ಲೇ ಮುಚ್ಚಿಹೋಗಬಹುದು. ರಿಸೀವರ್‌ನಲ್ಲಿ ಹ್ಯಾಮಿಂಗ್ ವಿಂಡೋ (ಬ್ಯಾಂಡಿನ ಅಂಚುಗಳನ್ನು ತಗ್ಗಿಸುವ ಲೆಕ್ಕ) ಹಾಕಿದರೆ ಅದು ತಗ್ಗುತ್ತದೆ, ಆದರೆ ಸಿಗ್ನಲ್ ಬಲದಲ್ಲಿ ಸುಮಾರು 1.3 ಡಿಬಿ ನಷ್ಟ. ಅದನ್ನು ಸುಮ್ನೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ಏರಿಕೆಯನ್ನೇ ಬಗ್ಗಿಸುತ್ತೇನೆ: ಬ್ಯಾಂಡಿನ ಅಂಚುಗಳಲ್ಲಿ ಬೇಗ ಓಡಿಸಿ, ನಡುವೆ ಜಾಸ್ತಿ ಹೊತ್ತು ಕಳೆಯುವುದು. ಟ್ರಾನ್ಸ್‌ಮಿಟರ್ ಪೂರ್ತಿ ಶಕ್ತಿಯಲ್ಲೇ ಇರುತ್ತದೆ, ಸೈಡ್‌ಲೋಬ್ ತಗ್ಗುತ್ತದೆ. ಶಿಖರ ಸ್ವಲ್ಪ ಅಗಲವಾಗುತ್ತದೆ, ಇರಲಿ.

ಗುರಿ ಜೋರಾಗಿ ಓಡುತ್ತಿದ್ದರೆ ಮಾತ್ರ ಡಾಪ್ಲರ್ (ಓಟದಿಂದ ಆವರ್ತನ ಬದಲಾಗುವುದು) ಈ ಲೆಕ್ಕ ಕೆಡಿಸುತ್ತದೆ. ಸೋನಾರ್‌ನಲ್ಲಿ ಇನ್ನೂ ಕಷ್ಟ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್ ಅಷ್ಟೇ ಅಲ್ವಾ? ಅದರ ಮುಂದೆ ಗುರಿಯ ಓಟ ದೊಡ್ಡದಾಗಿ, ಡಾಪ್ಲರ್ ಹೆಚ್ಚುತ್ತದೆ. ಅಲ್ಲಿ ನಾನು ಮೊದಲು ಡಾಪ್ಲರ್ ತಾಳಿಕೊಳ್ಳುವ ಹೈಪರ್‌ಬಾಲಿಕ್ ಚಿರ್ಪ್‌ಗೇ ಕೈ ಹಾಕುತ್ತೇನೆ.