ಮೊದಲು ಹಳೇ ಶೂ ತೋರಿಸಿ

ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ನನಗೆ ಕೆಲಸ. ಶೂ ವಿಭಾಗ ನೋಡಿಕೊಳ್ಳುತ್ತೇನೆ. ಗಿರಾಕಿ ಬಂದು ಕೂತ ಕೂಡಲೇ ಹೊಸ ಬಾಕ್ಸ್ ತೆಗೆಯುವುದಿಲ್ಲ. "ಈಗ ಹಾಕಿಕೊಂಡು ಓಡುವ ಶೂ ತಂದಿದ್ದೀರಾ? ಒಮ್ಮೆ ತೋರಿಸಿ" ಅಂತ ಕೇಳುತ್ತೇನೆ. ಕೆಲವರಿಗೆ ಮುಜುಗರ. ಕೆಸರುಂಟು, ವಾಸನೆ ಉಂಟು ಅನ್ನುತ್ತಾರೆ. ಇರಲಿ ಬಿಡಿ, ನನಗೆ ಬೇಕಾದದ್ದು ಅದೇ.

ಹಳೇ ಶೂವನ್ನು ಸಮತಟ್ಟಾದ ಜಾಗದಲ್ಲಿ ಇಟ್ಟು ಹಿಂದಿನಿಂದ ನೋಡಬೇಕು. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಸವೆದಿದ್ದರೆ ಗಾಬರಿ ಬೇಡ, ತುಂಬಾ ಜನರ ಕಾಲು ನೆಲಕ್ಕೆ ತಾಗುವುದೇ ಹಾಗೆ. ಇಡೀ ಶೂ ಒಂದು ಬದಿಗೆ ವಾಲಿ ನಿಂತರೆ ಒಳಗಿನ ಫೋಮ್ ಆ ಕಡೆ ಕುಸಿದಿದೆ ಅಂತ ಅರ್ಥ. ಆಮೇಲೆ ಇನ್‌ಸೋಲ್, ಅಂದರೆ ಪಾದದಡಿಯ ಒಳಹಾಸು, ಹೊರಗೆಳೆಯುತ್ತೇನೆ. ಅದರ ಮೇಲೆ ಬೆರಳುಗಳ ಕಪ್ಪು ಅಚ್ಚು ಮೂಡಿರುತ್ತದೆ. ಹೆಬ್ಬೆರಳಿನ ಅಚ್ಚು ತುದಿಯ ಅಂಚಿಗೇ ಹೋಗಿ ಮುಟ್ಟಿದ್ದರೆ ಆ ಶೂ ಗಿಡ್ಡ. "ಉಗುರು ಕಪ್ಪಾಗಿದೆಯಾ?" ಅಂತ ಕೇಳಿದರೆ ಹೆಚ್ಚಿನ ಸಲ ಹೌದು ಅನ್ನುತ್ತಾರೆ. ಓಡುವಾಗ ಪಾದ ಮುಂದಕ್ಕೆ ಜಾರಿ ಉಗುರು ಶೂವಿಗೆ ಬಡಿಯುತ್ತಾ ಇರುತ್ತದೆ, ಅದರಡಿ ರಕ್ತ ಕಟ್ಟುತ್ತದೆ.

ಇಷ್ಟಾದ ಮೇಲೆಯೇ ಅಳತೆ. "ನಂದು ಎಂಟು" ಅನ್ನುವುದನ್ನು ನಾನು ನಂಬುವುದಿಲ್ಲ. ಒಂದು ಕಂಪನಿಯ ಎಂಟು ಇನ್ನೊಂದರ ಎಂಟಲ್ಲ. ಎರಡೂ ಕಾಲು ಒಂದೇ ಅಳತೆ ಇರುವವರು ಕಡಿಮೆ, ದೊಡ್ಡ ಕಾಲಿಗೆ ಸರಿಯಾಗಿ ಶೂ ತೆಗೆದುಕೊಳ್ಳಬೇಕು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಓಡಿದಾಗಲೂ ಊದುತ್ತದೆ. ಹಾಗಾಗಿ ಸಂಜೆ ಬನ್ನಿ, ಓಡುವಾಗ ಹಾಕುವ ಸಾಕ್ಸನ್ನೇ ತನ್ನಿ ಅನ್ನುತ್ತೇನೆ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಅಗಲದ ಜಾಗ ಉಳಿಯಬೇಕು. ಕೆಲವರಿಗೆ ಎರಡನೇ ಬೆರಳೇ ಉದ್ದ, ಅದನ್ನು ಮರೆಯಬಾರದು. ಇನ್‌ಸೋಲ್ ಹೊರಗಿಟ್ಟು ಅದರ ಮೇಲೆ ಬರಿಗಾಲಲ್ಲಿ ನಿಂತರೆ ಅಗಲ ಗೊತ್ತಾಗುತ್ತದೆ. ಪಾದ ಅಂಚಿನಿಂದ ಹೊರಗೆ ಚೆಲ್ಲಿದರೆ ಎಷ್ಟೇ ಚಂದ ಇದ್ದರೂ ಆ ಶೂ ಬೇಡ. ಬಳಸಿ ಬಳಸಿ ಸಡಿಲ ಆಗ್ತದೆ ಅನ್ನುವ ಮಾತು ಓಟದ ಶೂವಿಗೆ ನಡೆಯುವುದಿಲ್ಲ. ಅಂಗಡಿಯಲ್ಲಿ ಒತ್ತುವುದು ಟ್ರ್ಯಾಕಿನಲ್ಲಿ ಕಚ್ಚುತ್ತದೆ.

ಮಕ್ಕಳ ಅಪ್ಪ ಅಮ್ಮಂದಿರ ಕಷ್ಟ ಬೇರೆ. ಸುರತ್ಕಲ್ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಲಾಂಗ್‌ಜಂಪ್ ಹುಡುಗ. "ಎರಡು ಸೈಜ್ ದೊಡ್ಡದೇ ಕೊಡಿ ಅಣ್ಣ, ಮುಂದಿನ ವರ್ಷಕ್ಕೂ ಆಗ್ತದೆ" ಅಂದರು. ಕೊಟ್ಟೆ, ಹಾಕಿಸಿ ನಡೆಸಿದೆ. "ಅಕ್ಕ, ಅವನ ಹಿಮ್ಮಡಿ ಮಾತ್ರ ನೋಡಿ" ಅಂದೆ. ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಶೂವಿನಿಂದ ಮೇಲೆದ್ದು ಬರುತ್ತಿತ್ತು. ಶೂ ಜಾರದ ಹಾಗೆ ಹುಡುಗ ಬೆರಳುಗಳನ್ನು ಮಡಚಿ ಹಿಡಿದುಕೊಂಡಿದ್ದ. ಹೀಗೆ ಓಡಿದರೆ ಮೊದಲು ಗುಳ್ಳೆ ಏಳುತ್ತದೆ, ಹಾರಿ ಇಳಿಯುವಾಗ ಕಾಲು ಉಳುಕುವ ಭಯವೂ ಉಂಟು. ಅವರಿಗೆ ನೋಡಿದ ಕೂಡಲೇ ಅರ್ಥವಾಯಿತು. ಸರಿಯಾದ ಅಳತೆಯ, ಕಡಿಮೆ ಬೆಲೆಯ ಜೊತೆ ತೆಗೆದುಕೊಂಡು ಹೋದರು. ಬೆಳೆಯುವ ಮಕ್ಕಳಿಗೆ ದುಬಾರಿ ಶೂ ಒಂದಕ್ಕಿಂತ ಸಾಧಾರಣ ಶೂ ಎರಡು ಸಲ ಕೊಳ್ಳುವುದು ಮೇಲು. ಇದು ನನ್ನ ಗಟ್ಟಿ ಅಭಿಪ್ರಾಯ.

ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿ ಬಂತೆಂದರೆ ಅಂಗಡಿಗೆ ಹುಡುಗರ ಸಾಲು. ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ವರ್ಷವಿಡೀ ಓಡದವರು ದೈಹಿಕ ಪರೀಕ್ಷೆಗೆ ಕೆಲವೇ ವಾರ ಇರುವಾಗ ಡಾಂಬರು ರಸ್ತೆಯಲ್ಲಿ ದಿನಾ ಜೋರು ಓಡಲು ಶುರುಮಾಡುತ್ತಾರೆ. ಮೊಣಕಾಲಿನ ಕೆಳಗೆ ಎಲುಬಿನ ಒಳ ಅಂಚಿನ ಉದ್ದಕ್ಕೂ ನೋವು ಬರುತ್ತದೆ. ಆಗ "ಮೆತ್ತಗಿನ ಶೂ ಕೊಡಿ" ಅಂತ ಬರುತ್ತಾರೆ. ಅವರ ಪಾಲಿಗೆ ಅದು ಜೀವನದ ಪ್ರಶ್ನೆ, ಗೊತ್ತು ನನಗೆ. ಆದರೆ ಎಲುಬು, ಸ್ನಾಯು ಆ ಭಾರಕ್ಕೆ ಒಗ್ಗಲು ಸಮಯ ಬೇಕು. ಫೋಮ್ ಎಷ್ಟೇ ದಪ್ಪ ಇದ್ದರೂ ಆ ಸಮಯವನ್ನು ಕೊಡಲಾರದು. ದಿನ ಬಿಟ್ಟು ದಿನ ಓಡಿ, ಸಿಕ್ಕಿದರೆ ಮಣ್ಣಿನ ಮೈದಾನದಲ್ಲಿ ಓಡಿ, ಮೀನಖಂಡಕ್ಕೆ ವ್ಯಾಯಾಮ ಮಾಡಿ ಅನ್ನುತ್ತೇನೆ. ಹೊಸ ಶೂ ಬಂದ ದಿನವೇ ಪೂರ್ತಿ ದೂರ ಓಡಬೇಡಿ, ಹಳೆಯದರ ಜೊತೆ ಬದಲಾಯಿಸುತ್ತಾ ಎರಡು ವಾರದಲ್ಲಿ ಒಗ್ಗಿಸಿಕೊಳ್ಳಿ. ಹಾಗಂತ ಹಳೇದನ್ನು ಹರಿಯುವವರೆಗೆ ಎಳೆಯಬೇಡಿ. ಓಟದ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಮೇಲಿನ ಬಟ್ಟೆ ಹೊಸದರ ಹಾಗೆ ಕಂಡರೂ ಒಳಗಿನ ಫೋಮ್ ಸತ್ತಿರಬಹುದು.

"ಕಂಬಳದಲ್ಲಿ ಬರಿಗಾಲಲ್ಲೇ ಓಡುವುದಲ್ವಾ?" ಅಂತ ಕೇಳುವವರೂ ಇದ್ದಾರೆ. ಒಳ್ಳೆಯ ಪ್ರಶ್ನೆಯೇ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡವರು. ಆದರೆ ಅದು ಕೆಸರು ನೀರಿನ ಕರೆ (ಕೋಣ ಓಡಿಸುವ ದಾರಿ), ಓಟ ಕೆಲವೇ ಸೆಕೆಂಡಿನದು, ಮುಂದೆ ಎಳೆಯಲು ಕೋಣಗಳು. ಓಡುವವರ ಕಾಲೂ ವರ್ಷಗಟ್ಟಲೆ ಪಳಗಿದ್ದು. ಅದನ್ನು ನೋಡಿ ಕಾಂಕ್ರೀಟ್ ರಸ್ತೆಯಲ್ಲಿ ಬರಿಗಾಲಲ್ಲಿ ಐದು ಕಿಲೋಮೀಟರ್ ಓಡಲು ಹೋಗಬಾರದು. ಪಣಂಬೂರು ಬೀಚಿನ ಮರಳಿನಲ್ಲಿ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಬಹುದು. ಅಲ್ಲೂ ನೀರಿನ ಅಂಚು ಇಳಿಜಾರು, ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ಅದೇ ಅಂಚಿನಲ್ಲಿ ವಾಪಸ್ ಬನ್ನಿ.

ಯಾವ ಆಟ ಅನ್ನುವುದೂ ಮುಖ್ಯ. ಓಟದ ಶೂವಿನಲ್ಲಿ ಬ್ಯಾಡ್ಮಿಂಟನ್ ಆಡಿ ಕಾಲು ಉಳುಕಿಸಿಕೊಂಡವರು ತುಂಬಾ ಜನ ಬರುತ್ತಾರೆ. ಓಟದ ಶೂ ಇರುವುದು ಮುಂದಕ್ಕೆ ಹೋಗಲಿಕ್ಕೆ. ಎತ್ತರದ ಫೋಮ್ ಮೇಲೆ ನಿಂತು ಪಕ್ಕಕ್ಕೆ ಹಾರಿದರೆ ಪಾದ ಮಗುಚುತ್ತದೆ. ಕೋರ್ಟಿಗೆ ತಗ್ಗಿನ, ಹಿಡಿತದ ರಬ್ಬರ್ ಸೋಲೇ ಆಗಬೇಕು. ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆ ಇರುವ ಶೂ, ಕೊಳ್ಳುವವರಿಗೆ ಮಂಗಳಾ ಸ್ಟೇಡಿಯಮ್ಮಿನ ಸಿಂಥೆಟಿಕ್ ಟ್ರ್ಯಾಕಿಗೋ ಶಾಲೆಯ ಮಣ್ಣಿನ ಮೈದಾನಕ್ಕೋ ಅಂತ ಕೇಳುತ್ತೇನೆ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮೊಳೆ 9 ಮಿಲಿಮೀಟರ್ ದಾಟಬಾರದು, ಹೈಜಂಪ್ ಮತ್ತು ಜಾವೆಲಿನ್‌ಗೆ ಮಾತ್ರ 12ರವರೆಗೆ ಅವಕಾಶ. ವಾರ್ಮ್‌ಅಪ್ಪಿನಿಂದ ಹಿಡಿದು ಮುಗಿಯುವವರೆಗೂ ಸ್ಪೈಕ್ಸಿನಲ್ಲೇ ಇದ್ದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ನೋಯುತ್ತದೆ, ಯಾಕೆಂದರೆ ಅದರ ಹಿಮ್ಮಡಿ ತೀರಾ ತಗ್ಗು.

ಮಳೆಗಾಲದಲ್ಲಿ ಒದ್ದೆ ಶೂವನ್ನು ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಇನ್‌ಸೋಲ್ ತೆಗೆದು, ಒಳಗೆ ಹಳೇ ಪೇಪರ್ ತುಂಬಿ, ಫ್ಯಾನಿನ ಗಾಳಿಗೆ ಇಡಿ. ಬೆರಳ ಸಂದು ಒರೆಸಿ ಒಣಗಿಸಿ, ಇಲ್ಲದಿದ್ದರೆ ಫಂಗಸ್ ಬಿಡುವುದಿಲ್ಲ.

ಕೆಲವರಿಗೆ ಮಾತ್ರ ನಾನು ಶೂ ತೋರಿಸುವುದೇ ಇಲ್ಲ. ಪಾದದ ಮೇಲೋ ಕಾಲಿನ ಎಲುಬಿನ ಮೇಲೋ ಒಂದೇ ಜಾಗದಲ್ಲಿ ಬೆರಳಿಟ್ಟು "ಇಲ್ಲಿ ಒತ್ತಿದರೆ ಜೀವ ಹೋಗ್ತದೆ" ಅನ್ನುವವರು, ಸುಮ್ನೆ ನಡೆದರೂ ನೋವು ಅನ್ನುವವರು. ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಶುರುವಿನ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದೂ ಉಂಟು, ಹಾಗಾಗಿ ನೋವು ಉಳಿದರೆ ಮತ್ತೆ ತೋರಿಸಬೇಕು. ಅವರನ್ನು ಎಲುಬಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಓಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಬನ್ನಿ, ಅಳತೆ ಹೊಸದಾಗಿ ತೆಗೆಯೋಣ ಅನ್ನುತ್ತೇನೆ.