“ದೊಡ್ಡ ಕಂಪನಿಗೆ ಯಾಕೆ ಹೋಗಲಿಲ್ಲ?” – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನ ರಾತ್ರಿ ಬಸ್ಸಿನಿಂದ ಶಿರಸಿಯಲ್ಲಿ ಇಳಿದು ಒಂದು ಚಹಾ ಕುಡಿಯುವಷ್ಟರಲ್ಲಿ ಪರಿಚಯದವರು ಯಾರಾದರೂ ಸಿಗುತ್ತಾರೆ. “ಎಂತ ಮಾರಾಯಾ, ಇನ್ನೂ ಅದೇ ಕಡಿಮೆ ದರದ ವಿಮಾನವಾ? ದೊಡ್ಡ ಕಂಪನಿಗೆ ಯಾಕೆ ಹೋಗಲಿಲ್ಲ?” ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಪಕ್ಕದ ಎಲೆಯಿಂದ ಮಾವಂದಿರು ಕೇಳುತ್ತಾರೆ. ಈಗೀಗ ಜಾಸ್ತಿ ಕೇಳುವವರು ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು. ಕಾರವಾರ, ಕುಮಟಾ, ಯಲ್ಲಾಪುರದಿಂದ ಬಂದು ಪೈಲಟ್ ಆದವರು, ಆಗುತ್ತಿರುವವರು. ಅವರಿಗೆ ಇದು ಬದುಕಿನ ಪ್ರಶ್ನೆ. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ನಾನು ಕಡಿಮೆ ದರದ ಕಂಪನಿಯೊಂದರಲ್ಲಿ ಏರ್‌ಬಸ್ ಎ320 ಕ್ಯಾಪ್ಟನ್. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಮತ್ತು ಮುಗಿಯುವ ಊರು, ಬೆಂಗಳೂರು. ಎರಡು ವರ್ಷದ ಹಿಂದೆ ದೊಡ್ಡ ಕಂಪನಿಯೊಂದರಿಂದ ಕರೆ ಬಂತು. ವಿದೇಶಕ್ಕೆ ಹಾರುವ, ಒಳಗೆ ಎರಡು ಓಣಿ ಇರುವ ದೊಡ್ಡ ವಿಮಾನ. ಸಂಬಳ ಚೆನ್ನಾಗಿತ್ತು. ಪತ್ರ ಕೈಗೆ ಬಂದ ಮೇಲೂ ಒಂದು ತಿಂಗಳು ಯೋಚಿಸಿದೆ. ಆಮೇಲೆ ಬೇಡ ಅಂದೆ.

ಮೊದಲು ಒಂದು ಭಯ ತೆಗೆದುಬಿಡುತ್ತೇನೆ. ಟಿಕೆಟ್ ಅಗ್ಗ ಅಂದರೆ ಸುರಕ್ಷತೆಯೂ ಅಗ್ಗ ಅಂತ ಊರಲ್ಲಿ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಲೈಸೆನ್ಸ್ ಕೊಡುವುದು ಎಲ್ಲರಿಗೂ ಡಿಜಿಸಿಎ ಒಂದೇ, ಅಂದರೆ ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ ಕೂರಿಸಿ, ಎಂಜಿನ್ ಕೆಡಿಸಿ ಪರೀಕ್ಷೆ ಮಾಡುವುದು ಅವರಿಗೂ ಉಂಟು, ನಮಗೂ ಉಂಟು. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಬಾರದು ಎಂಬ ಮಿತಿಯೂ ಒಂದೇ. ಅಗ್ಗವಾಗುವುದು ಊಟ ಕೊಡದೆ, ಸೀಟು ಹೆಚ್ಚು ಹಾಕಿ, ವಿಮಾನವನ್ನು ನೆಲದ ಮೇಲೆ ಸುಮ್ನೆ ನಿಲ್ಲಿಸದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಹೊರಗಿನವರಿಗೆ ಕಾಣದ ಒಂದು ನಂಬರಿನಲ್ಲಿದೆ. ಸೀನಿಯಾರಿಟಿ ನಂಬರ್. ಕಂಪನಿಗೆ ಸೇರಿದ ದಿನದಿಂದ ಪೈಲಟ್‌ಗಳ ಸಾಲಿನಲ್ಲಿ ನಿಮಗೊಂದು ಜಾಗ ಸಿಗುತ್ತದೆ. ಮುಂದಿನವರು ರಿಟೈರ್ ಆದ ಹಾಗೆ, ಬಿಟ್ಟು ಹೋದ ಹಾಗೆ ನೀವು ಮೇಲೆ ಹೋಗುತ್ತೀರಿ. ಬಲಗಡೆ ಸೀಟಿನ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್, ಎಡಗಡೆಯ ಕ್ಯಾಪ್ಟನ್ ಸೀಟಿಗೆ ಯಾವಾಗ ಬರುತ್ತಾನೆ, ಯಾವ ಊರಿನ ಬೇಸ್ ಸಿಗುತ್ತದೆ, ದೊಡ್ಡ ವಿಮಾನಕ್ಕೆ ಸರದಿ ಯಾವಾಗ, ದೀಪಾವಳಿಗೆ ರಜೆ ಯಾರಿಗೆ, ಇದರಲ್ಲೆಲ್ಲ ಆ ನಂಬರಿನ ಮಾತು ನಡೆಯುತ್ತದೆ. ಮಾರಿಕಾಂಬಾ ಜಾತ್ರೆಗೆ ರಜೆ ಕೇಳುವವನು ನಮ್ಮ ಬೇಸಿನಲ್ಲಿ ನಾನೊಬ್ಬನೇ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ದೀಪಾವಳಿಗೆ ಮಾತ್ರ ಎಲ್ಲರೂ ಸಾಲಿನಲ್ಲಿರುತ್ತಾರೆ.

ಕಂಪನಿ ಬದಲಿಸಿದ ದಿನ ಈ ನಂಬರ್ ಹೋಗುತ್ತದೆ. ಹತ್ತು ಸಾವಿರ ಗಂಟೆ ಹಾರಿದವನೂ ಹೊಸ ಕಡೆ ಸಾಲಿನ ತುದಿಯಲ್ಲಿ ನಿಲ್ಲಬೇಕು. ಅನುಭವ ಜೊತೆಗೆ ಬರುತ್ತದೆ, ಸರದಿ ಬರುವುದಿಲ್ಲ. ನನಗೆ ಬಂದ ಪತ್ರದಲ್ಲಿ ದೊಡ್ಡ ವಿಮಾನದ ಬಲಗಡೆ ಸೀಟು ಎಂದಿತ್ತು. ಎಡಗಡೆ ಕೂತು ಅಭ್ಯಾಸವಾದವನು ಮತ್ತೆ ಬಲಕ್ಕೆ. ಅದರಲ್ಲಿ ಅವಮಾನವೇನಿಲ್ಲ, ಎಷ್ಟೋ ಜನ ಖುಷಿಯಿಂದ ಹೋಗಿದ್ದಾರೆ. ಆದರೆ ಮತ್ತೆ ಎಡಕ್ಕೆ ಬರಲು ಎಷ್ಟು ವರ್ಷ ಅಂತ ಕೇಳಿದೆ. ಫೋನಿನ ಆ ಕಡೆಯಿಂದ ಸರಿಯಾದ ಉತ್ತರ ಬರಲಿಲ್ಲ.

ಇನ್ನೊಂದು ಪ್ರಶ್ನೆ ಆಯಿ, ಅಂದರೆ ನನ್ನ ಅಮ್ಮ, ಕೇಳಿದ್ದು. ಪತ್ರ ಬಂದ ವಿಷಯ ಹೇಳಿದಾಗ ಅವಳು ಸಂಬಳ ಕೇಳಲಿಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದಳು. ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ, “ರಾತ್ರಿ ಎಲ್ಲಿ ಮಲಗ್ತೆ ತಮಾ?” ಅಂದಳು.

ಆ ರಾತ್ರಿ ಹಳೆಯ ಮೂರು ತಿಂಗಳ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ತೆಗೆದು ಎಣಿಸಿದೆ. 90 ರಾತ್ರಿಗಳಲ್ಲಿ 61 ರಾತ್ರಿ ನನ್ನ ಮಂಚದ ಮೇಲೆ ಮಲಗಿದ್ದೆ. ಉಳಿದವು ಹೋಟೆಲ್. ಆಮೇಲೆ ಅದೇ ದೊಡ್ಡ ಕಂಪನಿಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿ ಅವನದ್ದನ್ನೂ ಎಣಿಸಲು ಹೇಳಿದೆ. ಅವನ ಬೇಸ್ ದೆಹಲಿ, ಸಂಸಾರ ಬೆಂಗಳೂರಿನಲ್ಲಿ. ಹಾರಾಟದ ಮೊದಲ ದಿನ ಪ್ರಯಾಣಿಕನಾಗಿ ದೆಹಲಿಗೆ ಹೋಗಬೇಕು, ಮುಗಿಸಿ ಮತ್ತೆ ಪ್ರಯಾಣಿಕನಾಗಿ ಬರಬೇಕು. ಅವನಿಗೆ ಸಿಕ್ಕಿದ್ದು 34 ರಾತ್ರಿ. ಬೇಸ್ ಸ್ವಂತ ಊರೇ ಆಗಿದ್ದವನಿಗೆ ಲೆಕ್ಕ ಬೇರೆ ಬರುತ್ತಿತ್ತು. ನನಗೆ ಮಾತ್ರ ಆ ಎರಡು ನಂಬರ್ ಸಾಕಾಯಿತು.

ಇದರ ಜೊತೆ ಇನ್ನೊಂದು ಬದಲಾವಣೆ ಬಂತು. 2025ರ ಜುಲೈ 1ರಿಂದ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ಇದು ಎಲ್ಲ ಕಂಪನಿಗೂ ಒಂದೇ ನಿಯಮ. ಓದುವವರಿಗೆ ಅದು ಬರೀ 12 ಗಂಟೆ. 36 ಗಂಟೆಯಲ್ಲಿ ಬೆಂಗಳೂರಿಂದ ಶಿರಸಿಗೆ ಹೋಗಿ ಬರಲು ಹೊರಟರೆ ಎರಡೂ ರಾತ್ರಿ ಬಸ್ಸಿನಲ್ಲೇ ಕಳೆಯುತ್ತಿತ್ತು, ಹಾಗೆ ನಿದ್ದೆಗೆಟ್ಟು ವಿಮಾನ ಹತ್ತುವುದು ಸಾಧ್ಯವಿಲ್ಲ. ಈಗ ಹೋಗಿ, ಒಂದು ರಾತ್ರಿ ಮನೆಯಲ್ಲಿ ಮಲಗಿ ಬರುವಷ್ಟು ಸಮಯ ಇದೆ. ಅಪ್ಪಯ್ಯನಿಗೆ ಈಗ ತೋಟಕ್ಕೆ ಇಳಿಯಲು ಆಗುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಹೊತ್ತಿಗೆ ಯಾರಾದರೂ ಒಬ್ಬರು ಮನೆಯವರು ನಿಂತಿರಬೇಕು. ಹೋದ ವರ್ಷ ನಾನೇ ನಿಂತೆ.

ಹಾರಾಟದ ಖುಷಿಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಯಾರೂ ಕೇಳುವುದಿಲ್ಲ. ನಮ್ಮದು ದಿನಕ್ಕೆ ಮೂರು, ನಾಲ್ಕು ಸೆಕ್ಟರ್, ಅಂದರೆ ಒಂದು ಊರಿಂದ ಇನ್ನೊಂದು ಊರಿಗೆ ಒಂದೊಂದು ಹಾರಾಟ. ಇಳಿದು ಅರ್ಧ ಗಂಟೆಯಲ್ಲಿ ಮತ್ತೆ ಏರಬೇಕು. ಆಯಾಸ ನಿಜ, ಸಂಜೆಗೆ ಕಾಲು ಭಾರವಾಗುತ್ತದೆ. ಆದರೆ ಕೈ ಪಳಗಿರುತ್ತದೆ. ದೂರದ ಹಾರಾಟದಲ್ಲಿ ಅಮೆರಿಕಕ್ಕೆ ಒಂದೇ ಬೀಸಿಗೆ 15, 16 ಗಂಟೆ. ನಾಲ್ಕು ಪೈಲಟ್‌ಗಳು ಸರದಿಯಲ್ಲಿ ಮಲಗಿ ಎದ್ದು ನಡೆಸುತ್ತಾರೆ, ಕೊನೆಗೆ ಇಳಿಸುವವನು ಒಬ್ಬ. 90 ದಿನದಲ್ಲಿ ಕನಿಷ್ಠ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರಬೇಕೆಂಬ ನಿಯಮ ಇದೆ. ಅಷ್ಟೂ ಸಿಗದೆ ಸಿಮ್ಯುಲೇಟರಿಗೆ ಹೋಗಿ ಪೂರೈಸುವವರು ಅಲ್ಲಿ ಇದ್ದಾರೆ. ನಾನು ಕೆಲವೊಮ್ಮೆ ಅಷ್ಟನ್ನು ಒಂದೇ ದಿನದಲ್ಲಿ ಮಾಡುತ್ತೇನೆ.

ಮುಂಬೈಯಿಂದ ಮಂಗಳೂರಿಗೆ ಬರುವಾಗ, ಮೋಡ ಇಲ್ಲದ ದಿನ, ಕ್ಯಾಪ್ಟನ್ ಕಿಟಕಿಯ ಕಡೆಗೇ ಕರಾವಳಿ ಬರುತ್ತದೆ. ಗೋವಾ ದಾಟಿದ ಮೇಲೆ ಕಾಳಿ ನದಿಯ ಅಗಲ ಬಾಯಿ, ಅದರ ಮೇಲೆ ಗೆರೆ ಎಳೆದ ಹಾಗೆ ಸೇತುವೆ. ಸ್ವಲ್ಪ ಕೆಳಗೆ ನೌಕಾನೆಲೆಯ ತಡೆಗೋಡೆಗಳು. ಆಮೇಲೆ ಗಂಗಾವಳಿ, ಗೋಕರ್ಣದ ಕಡಲ ತೀರಗಳು, ಮತ್ತೆ ತದಡಿ ಹತ್ತಿರ ಅಘನಾಶಿನಿ. ನಮ್ಮ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ನೀರು ಸಮುದ್ರ ಸೇರುವ ಜಾಗ. ನೀರಿನ ಬಣ್ಣ ಮಳೆಗಾಲ ಮುಗಿದ ಮೇಲೂ ಕೆಲವು ವಾರ ಕೆಂಪಗೇ ಇರುತ್ತದೆ. ಅದನ್ನು ನೋಡಲು ಸಿಗುವುದು ಒಂದೆರಡು ನಿಮಿಷ. ನನಗೆ ಅದು ದೊಡ್ಡದು.

‘ದೊಡ್ಡ ಕಂಪನಿ ಭದ್ರ’ ಅನ್ನುವ ಮಾತು ಹೆಚ್ಚಾಗಿ ಅಪ್ಪ ಅಮ್ಮಂದಿರಿಂದ ಬರುತ್ತದೆ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಎರಡೂ ಊಟ ಕೊಡುವ ದೊಡ್ಡ ಕಂಪನಿಗಳೇ. 2023ರ ಮೇ ತಿಂಗಳಲ್ಲಿ ನಿಂತ ಗೋ ಫಸ್ಟ್ ಕಡಿಮೆ ದರದ್ದು. ಹೆಸರಿನ ಗಾತ್ರ ನೋಡಿ ಭದ್ರತೆ ಅಳೆಯಲು ಆಗುವುದಿಲ್ಲ. ನಾನು ಮೊದಲು ಸೇರಿದ ಕಡೆ ಮೂರು ತಿಂಗಳು ಸಂಬಳ ತಡವಾಯಿತು. ಆಗ ಮನೆಯ ಅಡಿಕೆ ಮಾರಿದ ದುಡ್ಡಿನಲ್ಲಿ ಟ್ರೇನಿಂಗ್ ಸಾಲದ ಕಂತು ಕಟ್ಟಿದೆ. ಅಂದಿನಿಂದ ಯಾವ ಕಂಪನಿ ಬಗ್ಗೆ ಯೋಚಿಸಿದರೂ ಮೊದಲು ವಿಚಾರಿಸುವುದು ಸಂಬಳ ಎಷ್ಟು ಅಂತಲ್ಲ, ಸರಿಯಾದ ದಿನಕ್ಕೆ ಬರುತ್ತದಾ ಅಂತ.

ನೋಟಿಸ್ ಪಿರಿಯಡ್ ಮರೆಯಬೇಡಿ. 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್ ಆದವನು ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮೊದಲೇ ಹೇಳಬೇಕು. ಹಳೇ ಕಂಪನಿಯ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಎಂಬ ಪತ್ರ, ಬೇಕು. ಟ್ರೇನಿಂಗ್ ಕೊಟ್ಟ ಕಂಪನಿಯಲ್ಲಿ ಇಷ್ಟು ವರ್ಷ ಇರುತ್ತೇನೆಂದು ಬರೆದುಕೊಟ್ಟ ಬಾಂಡ್ ಬಾಕಿ ಇದ್ದರೆ ಅದರ ಹಣ ಬೇರೆ. ಒಂದು ವರ್ಷದಲ್ಲಿ ಹೊಸ ಕಂಪನಿಯ ವಿಮಾನ ತಡವಾಗಿ ಬರಬಹುದು, ಅವರ ಯೋಜನೆ ಬದಲಾಗಬಹುದು. ರಾಜೀನಾಮೆ ಬರೆಯುವ ಮೊದಲು ಟ್ರೇನಿಂಗ್ ಶುರುವಾಗುವ ತಾರೀಖು ಬರಹದಲ್ಲಿ ಕೈಗೆ ಬರಲಿ.

ಹಾಗಂತ ಯಾರೂ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಕುಮಟಾದ ಹುಡುಗನೊಬ್ಬ ನನ್ನ ಜೊತೆ ಬಲಗಡೆ ಕೂತು ಹಾರುತ್ತಾನೆ. ವಯಸ್ಸು 27. ಮದುವೆ ಆಗಿಲ್ಲ. ಚಿಕ್ಕಂದಿನಿಂದ ಬೋಯಿಂಗ್ 777 ಹುಚ್ಚು. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಪ್ರಯಾಣಿಕರು ಹತ್ತುವ ತನಕ ಕಾಯುತ್ತಿದ್ದಾಗ, “ಕ್ಯಾಪ್ಟನ್, ನಾನೇನು ಮಾಡಲಿ?” ಅಂದ. ನಮ್ಮಲ್ಲಿ ಅವನ ನಂಬರ್ ಬಹಳ ಕೆಳಗಿದೆ, ಕಳೆದುಕೊಳ್ಳುವುದು ಕಡಿಮೆ. ಪೈಲಟ್ ಆಗಿ 65ರ ತನಕ ಹಾರಬಹುದು, ಅಂದರೆ ಅವನ ಮುಂದೆ ಇನ್ನೂ 38 ವರ್ಷ ಇದೆ. ಈಗ ಸಾಲಿನ ತುದಿಯಲ್ಲಿ ನಿಂತರೂ ಅವನ ಹಿಂದೆ ಸಾವಿರ ಜನ ಬಂದು ನಿಲ್ಲುತ್ತಾರೆ. “ಹೋಗು” ಅಂದೆ. “ಹತ್ತು ವರ್ಷ ಬಿಟ್ಟು ಹೋಗುವುದಾದರೆ ಈಗಲೇ ಹೋಗು.”

ಬಾಗಿಲು ಮುಚ್ಚಿತು, ನಾವು ಚೆಕ್‌ಲಿಸ್ಟ್ ಓದಿ ಹೊರಟೆವು. ಅವನು ರಾಜೀನಾಮೆ ಕೊಟ್ಟು ಈಗ ಹತ್ತು ದಿನ ಆಯಿತು. ಇನ್ನೂ ಐದೂವರೆ ತಿಂಗಳು ನನ್ನ ಪಕ್ಕದಲ್ಲೇ ಹಾರುತ್ತಾನೆ. ಅವನ ಅಮ್ಮ ನಮ್ಮ ಆಯಿಗೆ ಫೋನ್ ಮಾಡಿ, ದೆಹಲಿಯ ಚಳಿಗೆ ಯಾವ ಕಂಬಳಿ ಕಳಿಸಬೇಕು ಅಂತ ಕೇಳಿದ್ದಾರಂತೆ.